ಕ್ರಿಸ್ತನ ಪ್ರಾಯಶ್ಚಿತ್ತವು ಯಾರಿಗಾಗಿ?

ಪ್ರಾಯಶ್ಚಿತ್ತವೆಂಬ ಶಬ್ದವು ನಮ್ಮ ಧರ್ಮಶಾಸ್ತ್ರಗಳಲ್ಲಿ ಪಾಪ ಮಾಡಿದವನು ತಾನೇ ಆಚರಿಸತಕ್ಕ ಶುದ್ಧಿಕರ್ಮವನ್ನು ಸೂಚಿಸುವುದು. ಕ್ರೈಸ್ತ ಮತಶಾಸ್ತ್ರದಲ್ಲಿ ಇದರ ಅರ್ಥವು ಬೇರೆ. ಅಲ್ಲಿ ಪಾಪಿಗಳಿಗೆ ಬದಲಾಗಿ ಕ್ರಿಸ್ತನೇ ತನ್ನ ಶಿಲುಬೆಯ ಮರಣದಿಂದ ಅದನ್ನು ನೆರವೇರಿಸಿದನು. ಮಾಡುವವನು ಒಬ್ಬನು, ಫಲ ಹೊಂದುವವನು ಮತ್ತೊಬ್ಬನು ಆದುದರಿಂದ, ಅದು ಯಾರಿಗಾಗಿ ಎಂಬ ಪ್ರಶ್ನೆಯು ಸಹಜವಾಗಿ ಹುಟ್ಟುವುದು. ರಕ್ಷಣೆ ಹೊಂದತಕ್ಕವರನ್ನು ದೇವರು ಅನಾದಿಯಲ್ಲಿಯೇ ಆರಿಸಿರುವನೆಂಬ ತತ್ತ್ವವನ್ನು ಇದರೊಡನೆ ಸೇರಿಸಿದರೆ ತೊಡಕು ಹೆಚ್ಚುವುದು.

12ನೆಯ ಶತಮಾನದಲ್ಲಿ ಪೀಟರ್ ಲೊಂಬಾರ್ಡನು ಈ ಬಲಿಯು ಬೆಲೆಯಲ್ಲಿ ಎಲ್ಲರಿಗೂ ಸಾಕಾದುದು, ಫಲದಲ್ಲಿ ಆರಿಸಲ್ಪಟ್ಟವರಿಗೆ ಮಾತ್ರ ಸಲ್ಲುವುದು ಎಂದು ಸಮನ್ವಯ ಮಾಡಿದನು. ಲೈಡನ್ನಿನ ಪಂಡಿತನಾದ ಆರ್ಮಿನಿಯಸನು 1609ರಲ್ಲಿ ತೀರಿಕೊಂಡ ಮರುವರ್ಷ, ಅವನ ಅನುಯಾಯಿಗಳು ಹಾಲೆಂಡಿನ ಅಧಿಕಾರ ಸಭೆಗೆ ಐದು ಸೂತ್ರಗಳನ್ನು ಒಪ್ಪಿಸಿದರು. ಕ್ರಿಸ್ತನು ಪ್ರತಿಯೊಬ್ಬ ಮನುಷ್ಯನಿಗಾಗಿಯೂ ಸತ್ತನು, ಆದರೆ ನಂಬಿದವನು ಮಾತ್ರ ಕ್ಷಮೆಯನ್ನು ಅನುಭವಿಸುವನು ಎಂಬುದು ಎರಡನೆಯ ಸೂತ್ರ. ಇವುಗಳನ್ನು ವಿಮರ್ಶಿಸಲು 1618-19ರಲ್ಲಿ ಡಾರ್ಟ್ ನಗರದಲ್ಲಿ ಧರ್ಮಸಭೆಯು ಕೂಡಿತು.

ಆ ಸಭೆಯು ಕ್ರಿಸ್ತನ ಮರಣದ ಬೆಲೆಯನ್ನು ಕುಗ್ಗಿಸಿತೆಂದು ಹೇಳುವುದುಂಟು, ಅದು ಸರಿಯಲ್ಲ. ಆ ಬೆಲೆಯು ಅಪಾರವಾದುದು, ಲೋಕದ ಸಮಸ್ತ ಪಾಪಗಳಿಗೂ ಸಾಕಾದುದು, ಸುವಾರ್ತೆಯನ್ನು ಭೇದವಿಲ್ಲದೆ ಸಕಲ ಜನಾಂಗಗಳಿಗೂ ಸಾರತಕ್ಕದ್ದು ಎಂದು ಸಭೆಯು ಸ್ಪಷ್ಟವಾಗಿ ನಿರ್ಣಯಿಸಿತು. ನಂಬದವನಿಗೆ ಫಲವಿಲ್ಲವೆಂಬುದರಲ್ಲಿಯೂ ಉಭಯ ಪಕ್ಷಗಳು ಒಂದೇ. ಭೇದವಿರುವುದು ಸಂಕಲ್ಪದಲ್ಲಿ. ನಂಬಿಕೆಯನ್ನೂ ಒಳಗೊಂಡ ರಕ್ಷಣೆಯನ್ನು ಆರಿಸಲ್ಪಟ್ಟವರಿಗೆ ದೊರಕಿಸುವುದೇ ಆ ಮರಣದ ಉದ್ದೇಶವೆಂದು ಸಭೆಯ ಮತ. ರಕ್ಷಣೆಯನ್ನು ಎಲ್ಲರಿಗೂ ಸಾಧ್ಯವಾಗಿಸುವುದು ಉದ್ದೇಶವೆಂದು ಪ್ರತಿಪಕ್ಷದ ಮತ. ಕನ್ನಡದ ವಿಭಕ್ತಿಯು ಈ ಸೂಕ್ಷ್ಮವನ್ನು ಚೆನ್ನಾಗಿ ತೋರಿಸಬಲ್ಲುದು: 'ಎಲ್ಲರಿಗೂ ಸಾಕು' ಎಂಬುದು ಪರಿಮಾಣ, 'ಎಲ್ಲರಿಗಾಗಿ' ಎಂಬುದು ಉದ್ದೇಶ. ಮೊದಲನೆಯದನ್ನು ಒಪ್ಪಿದವರೆಲ್ಲರೂ ಎರಡನೆಯದನ್ನು ಒಪ್ಪಬೇಕಾಗಿಲ್ಲ.

ಸಭೆಯೊಳಗೂ ಏಕಾಭಿಪ್ರಾಯವಿರಲಿಲ್ಲ. ಇಂಗ್ಲೆಂಡಿನ ಪ್ರತಿನಿಧಿ ಜಾನ್ ಡಾವೆನಂಟನು, ಮರಣವು ಒಂದು ಅರ್ಥದಲ್ಲಿ ಎಲ್ಲರಿಗಾಗಿ ಎಂದು ವಾದಿಸಿದನು. 1634ರಲ್ಲಿ ಫ್ರಾನ್ಸಿನ ಅಮಿರೋ ಎಂಬ ಪಂಡಿತನು, ನಂಬಿಕೆಯೆಂಬ ನಿಯಮಕ್ಕೊಳಪಟ್ಟು ಅದು ಎಲ್ಲರಿಗಾಗಿಯೇ ಎಂದು ಬರೆದನು.

ಇದು ಬರಿಯ ಶಬ್ದಕಲಹವಲ್ಲ. ಸೋತ ಪಕ್ಷದ ಅನೇಕ ಬೋಧಕರು ಪದವಿಗಳನ್ನು ಕಳೆದುಕೊಂಡರು. ಅದಕ್ಕಿಂತಲೂ ಮುಖ್ಯವಾಗಿ, ಮರಣಶಯ್ಯೆಯಲ್ಲಿರುವವನಿಗೆ 'ಕ್ರಿಸ್ತನು ನಿನಗಾಗಿ ಸತ್ತನು' ಎಂದು ಬೋಧಕನು ನಿಸ್ಸಂಶಯವಾಗಿ ಹೇಳಬಹುದೋ, ಅಥವಾ 'ನಂಬು, ರಕ್ಷಣೆ ಹೊಂದುವೆ' ಎಂದಷ್ಟೇ ಹೇಳತಕ್ಕದ್ದೋ ಎಂಬುದು ಈ ಒಂದು ವಿಭಕ್ತಿಯ ಅರ್ಥವನ್ನು ಅವಲಂಬಿಸಿರುವುದು.