ಬಿಸಿಯಾದರೆ ಬಂದ್, ಆರಿದರೆ ಚಾಲೂ

"ಗಾಡಿ ಬಂದ್ ಬಿದ್ದಾಗ ಆರ್‌ಪಿಎಂ ಮುಳ್ಳು ಏನ್ ಮಾಡತಿತ್ರೀ?" ಬೆಟಗೇರಿಯ ಆಟೊ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತುವ ಮೊದಲೇ ಕೇಳಿದರು. ಕಾರು ಮುಂಡರಗಿಯದು. ಗದಗಿಗೆ ಬರುವಾಗ ಡಂಬಳದ ಆಸುಪಾಸಿನಲ್ಲಿ ಎಂಜಿನ್ ತಟ್ಟನೆ ನಿಲ್ಲುತ್ತಿತ್ತು. ಅರ್ಧ ತಾಸು ಆರಲು ಬಿಟ್ಟರೆ ತಾನಾಗಿಯೇ ಚಾಲೂ. ಪೆಟ್ರೋಲ್ ಪಂಪು, ಪ್ಲಗ್ಗು, ಇಗ್ನಿಷನ್ ಕಾಯಿಲ್ ಎಲ್ಲ ಹೊಸವಾಗಿದ್ದವು. ಹಿಂದಿನ ಮಿಸ್ತ್ರಿಗಳು ಪ್ರತಿ ಸಲ ಗ್ಯಾರೇಜಿನ ಸುತ್ತ ಒಂದು ರೌಂಡು ಹೊಡೆದು "ಸರಿ ಆತ್ರಿ" ಎಂದು ಕಳಿಸಿದ್ದರು.

"ಸೆಲ್ಫ್ ಹೊಡದ್ರೂ ಮುಳ್ಳು ಅಳ್ಳಾಡಂಗಿಲ್ರಿ" ಎಂದರು ಮಾಲೀಕರು. ಆ ಒಂದು ಮಾತಿಗೆ ಎಲೆಕ್ಟ್ರಿಷಿಯನ್ನರ ಕೈ ನೇರ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿಗೆ ಹೋಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಚ್ಚಿದರು. ರೀಡಿಂಗ್ ಸರಿಯಾಗಿಯೇ ಇತ್ತು. ಹಾಟ್ ಏರ್ ಗನ್ನಿನಿಂದ ಬಿಸಿಗಾಳಿ ಹಿಡಿದರು. ಅಂಕಿ ಮೆಲ್ಲಗೆ ಏರುತ್ತ ಹೋಗಿ ಒಮ್ಮೆಲೇ ಮಾಯವಾಯಿತು. ಒದ್ದೆ ಬಟ್ಟೆ ಸುತ್ತಿದರು; ತುಸು ಹೊತ್ತಿಗೆ ಅಂಕಿ ಮರಳಿತು. ನನಗೆ ನಂಬಿಕೆಯಾಗದೆ ಮತ್ತೊಮ್ಮೆ ಮಾಡಿಸಿದೆ. ಅದೇ ಆಟ. ಒಳಗೆ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಬಿರುಕು ಬಿಟ್ಟರೆ ಕಾವಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ಕ್ರ್ಯಾಂಕ್ ಎಲ್ಲಿದೆಯೆಂದು ತಿಳಿಯದ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಕಿಡಿ, ಪೆಟ್ರೋಲು ಎರಡನ್ನೂ ನಿಲ್ಲಿಸುತ್ತದೆ. ಪಂಪು ಮಾತ್ರ ಕೆಟ್ಟಿದ್ದರೆ ಕಿಡಿ ಉಳಿಯಬೇಕಿತ್ತು. ರಸ್ತೆಯಲ್ಲೇ ಒಂದು ಪ್ಲಗ್ಗಿನ ಕಿಡಿ ನೋಡಿದ್ದರೆ ಪಂಪಿನ ದುಡ್ಡು ಉಳಿಯುತ್ತಿತ್ತು.

ಪಂಪಿನ ಮೇಲೆ ಗುಮಾನಿ ಬರುವುದೂ ಸುಮ್ಮನೆ ಅಲ್ಲ. 2020ರ ಜುಲೈನಲ್ಲಿ ಮಾರುತಿ ಸುಜುಕಿ ಪಂಪಿನ ದೋಷಕ್ಕಾಗಿಯೇ 1,34,885 ವ್ಯಾಗನ್‌ಆರ್, ಬಲೆನೊ ಕಾರುಗಳನ್ನು ವಾಪಸು ಕರೆಸಿತ್ತು; ಮರುವರ್ಷ ಹೋಂಡಾ 77,954 ಕಾರುಗಳನ್ನು. 1983ರಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಕಾಲದಲ್ಲಿ ಮಿಸ್ತ್ರಿಗೆ ದೋಷ ಹುಡುಕಲು ಕಣ್ಣು, ಕಿವಿ, ಮೂಗು ಸಾಕಿತ್ತು. 2013ರಿಂದ ಹೊಸ ಕಾರುಗಳಿಗೆ ದೋಷವನ್ನು ಕೋಡ್ ರೂಪದಲ್ಲಿ ದಾಖಲಿಸುವ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಗಿ, ಅದನ್ನು ಓದುವ ಸ್ಕ್ಯಾನರ್ ಎಲ್ಲ ಕಡೆ ಬಂತು. ಸ್ಕ್ಯಾನರ್ ಹೇಳಿದ್ದೇ ಕೊನೆಯ ಮಾತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಪಿ0335 ಎಂಬ ಕೋಡ್ ತೋರಿಸುವುದು ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟನ್ನು. ಕೆಟ್ಟಿದ್ದು ಸೆನ್ಸರೋ, ಇಲಿ ಕಡಿದ ವೈರೋ, ಧೂಳು ಕೂತ ಕನೆಕ್ಟರೋ ಎಂದು ಮನುಷ್ಯನೇ ಹುಡುಕಬೇಕು. ಬಂದುಹೋಗುವ ದೋಷ ಕೆಲವೊಮ್ಮೆ ಕೋಡನ್ನೇ ಬಿಟ್ಟಿರುವುದಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಗದಗಿಗೆ ಗಾಡಿ ತರುವವರಲ್ಲಿ ಒಂದು ವಿನಂತಿ. ನಿಂತಾಗ ಎಂಜಿನ್ ಎಷ್ಟು ಕಾದಿತ್ತು, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು ಎಂದು ಬರೆದಿಡಿ. ಸೆಲ್ಫ್ ಹೊಡೆಯುವಾಗಿನ ಡ್ಯಾಶ್‌ಬೋರ್ಡನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕೋಡ್ ಓದುವ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಲು ಬಿಡಬೇಡಿ. ಅನೇಕ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ. ಪಾರ್ಟ್ ಬದಲಿಸುವ ಮೊದಲು, ಕೆಟ್ಟಿದ್ದನ್ನು ಕಣ್ಣೆದುರಿಗೆ ತೋರಿಸಿ ಎಂದು ಕೇಳಿ.