ಕಿರುನಾಲಿಗೆಗೆ ಬಿದ್ದ ಕತ್ತರಿ

ನಮ್ಮ ಮನೆಗಳಲ್ಲಿ ಗೊರಕೆಗೆ ಒಂದು ಬಗೆಯ ಮರ್ಯಾದೆಯಿದೆ. ಊಟ ಮುಗಿಸಿ ಮಲಗಿದ ಹಿರಿಯರ ಕೋಣೆಯಿಂದ ಆ ಸದ್ದು ಬಂದರೆ ‘ಗಡದ್ದಾಗಿ ನಿದ್ದೆ ಹತ್ತಿದೆ, ಎಬ್ಬಿಸಬೇಡಿ’ ಎಂದು ಬಾಗಿಲು ಮುಂದೆ ಮಾಡುತ್ತೇವೆ. ಗೊರಕೆ ನಿಲ್ಲಿಸುವ ಅಂಗುಳಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ತಿಳಿವಳಿಕೆಯ ನೆರಳಿನಲ್ಲಿ. ಗೊರಕೆಯೆಂದರೆ ಪಕ್ಕದಲ್ಲಿ ಮಲಗಿದವರ ಕಷ್ಟ, ಅಷ್ಟೇ.

ಕನ್ನಡಿಯ ಮುಂದೆ ಬಾಯಗಲಿಸಿ ‘ಆ’ ಅನ್ನಿ. ಬಾಯಿಯ ಮಾಡು ಹಿಂದಕ್ಕೆ ಹೋದಂತೆ ಮೂಳೆ ಮುಗಿದು ಬರೀ ಮಾಂಸದ ಪರದೆಯಾಗುತ್ತದೆ. ಅದರ ನಡುವೆ ಕಿರುನಾಲಿಗೆ ಜೋತಾಡುತ್ತದೆ. ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾದಾಗ ಈ ಪರದೆ ಗಾಳಿಗೆ ಪಟಪಟಿಸಿದರೆ ಗೊರಕೆ. ಜಪಾನಿನ ಕಿವಿ-ಮೂಗು-ಗಂಟಲಿನ ವೈದ್ಯ ತಾಕೆನೊಸುಕೆ ಇಕೆಮತ್ಸು ಗೊರಕೆಯವರ ಗಂಟಲುಗಳನ್ನೇ ಅಭ್ಯಾಸ ಮಾಡಿದವರು. 1952ರಲ್ಲಿ ಅವರು ಪರದೆಯ ಅಂಚನ್ನೂ ಕಿರುನಾಲಿಗೆಯ ಒಂದು ಪಾಲನ್ನೂ ಕತ್ತರಿಸಿ ನೋಡಿದರು. 1964ರಲ್ಲಿ ಜಪಾನಿ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿದರು. ಅವರ ಗುರಿ ಸದ್ದನ್ನು ನಿಲ್ಲಿಸುವುದು. ಉಸಿರನ್ನು ಸರಾಗಗೊಳಿಸುವುದಲ್ಲ.

ಉಸಿರಿನ ಕತೆ ಬೇರೆ ದಿಕ್ಕಿನಿಂದ ಬಂತು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ದಡೂತಿ ರೋಗಿಯ ಬಗ್ಗೆ ಬರೆದರು. ಇಸ್ಪೀಟಿನ ಮೇಜಿನಲ್ಲಿ ಆತನ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿದ್ದವು. ಗೆಲ್ಲುವ ಎಲೆ ಹಿಡಿದುಕೊಂಡೇ ತೂಕಡಿಸಿಬಿಟ್ಟ! ಡಿಕನ್ಸ್ ಬರೆದ ‘ಪಿಕ್‌ವಿಕ್’ ಕಾದಂಬರಿಯ ನಿದ್ದೆಬುರುಕ ಹುಡುಗನ ನೆನಪಿನಲ್ಲಿ ಈ ಕಾಯಿಲೆಗೂ ಅದೇ ಹೆಸರು ಅಂಟಿತು. ಇಂಥವರನ್ನು ರಾತ್ರಿಯಿಡೀ ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದು 1965ರಲ್ಲಿ, ಫ್ರಾನ್ಸಿನ ಮಾರ್ಸೇಯ ಗಾಸ್ಟೋ ತಂಡ. ಗಡದ್ದು ನಿದ್ದೆಯೆಂದು ಕಾಣುತ್ತಿದ್ದುದರೊಳಗೆ ಉಸಿರು ಮತ್ತೆ ಮತ್ತೆ ಕಟ್ಟುತ್ತಿತ್ತು. ಪ್ರತಿ ಸಲವೂ ಮಿದುಳು ಒಂದಿಷ್ಟು ಎಚ್ಚರಗೊಂಡು ಉಸಿರನ್ನು ಎಳೆದು ತರುತ್ತಿತ್ತು. ರಾತ್ರಿಯೆಲ್ಲ ಈ ಜಗ್ಗಾಟ ನಡೆದರೆ ಹಗಲಿನಲ್ಲಿ ತೂಕಡಿಕೆ ಬಾರದಿರುತ್ತದೆಯೇ?

1969ರಲ್ಲಿ ಜರ್ಮನಿಯ ಕೂಲೊ ಮತ್ತು ಜೊತೆಗಾರರು ಕುತ್ತಿಗೆಯಲ್ಲೇ ತೂತು ಕೊರೆದು ಶ್ವಾಸನಾಳಕ್ಕೆ ಕೊಳವೆ ಇಟ್ಟರು. ರೋಗಿ ಸುಧಾರಿಸಿದ. ಒರಟು ಉಪಾಯವೇ, ಆದರೆ ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದು. ಕೆಳಗೆ ದಾರಿ ಬಿಟ್ಟರೆ ಉಸಿರು ಸರಾಗವಾಗುತ್ತದೆ ಅಂದಮೇಲೆ ತಡೆ ಇರುವುದು ಮೇಲೆ, ಗಂಟಲಲ್ಲಿ. ಆದರೆ ಹಗಲು ಮುಚ್ಚಿ ರಾತ್ರಿ ತೆರೆಯುವ ತೂತನ್ನು ಕುತ್ತಿಗೆಯಲ್ಲಿ ಹೊತ್ತು ತಿರುಗಲು ಯಾರಿಗೆ ತಾನೆ ಇಷ್ಟ?

ಗೊರಕೆ, ಉಸಿರು ಎಂಬ ಈ ಎರಡು ಎಳೆಗಳನ್ನು ಹೆಣೆದವರು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಶಿರೊ ಫುಜಿತಾ. ಇಕೆಮತ್ಸು ವಿಧಾನವನ್ನು ತಿದ್ದಿ, ಟಾನ್ಸಿಲ್ ತೆಗೆದು, ಅಂಗುಳಿನ ಅಂಚನ್ನೂ ಕಿರುನಾಲಿಗೆಯನ್ನೂ ಕತ್ತರಿಸಿ, ಉಳಿದ ಪೊರೆಯನ್ನು ಬಿಗಿಯಾಗಿ ಹೊಲಿದರು. 1981ರಲ್ಲಿ 12 ರೋಗಿಗಳ ವರದಿ ಬಂತು. ಯುವುಲೊಪ್ಯಾಲಟೊಫ್ಯಾರಿಂಗೊಪ್ಲಾಸ್ಟಿ ಎಂಬ ಹೆಸರೂ ಬಂತು; ನಾಲಿಗೆ ತೊಡರುವುದಕ್ಕೆ ವೈದ್ಯರೂ ಹೊರತಲ್ಲ, ಅವರು ‘ಯುಪಿಪಿಪಿ’ ಎಂದು ಮುಗಿಸುತ್ತಾರೆ. ಅದೇ ವರ್ಷ ಸಿಡ್ನಿಯ ಕಾಲಿನ್ ಸಲ್ಲಿವನ್, ಮುಖವಾಡದ ಮೂಲಕ ಮೂಗಿಗೆ ಗಾಳಿಯೊತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಬಗ್ಗೆ ಬರೆದರು. ಇವತ್ತಿಗೂ ಮೊದಲ ಮದ್ದು ಅದೇ. ಮುಖವಾಡ ಸಹಿಸದವರಿಗೆ ಮಾತ್ರ ಕತ್ತರಿಯ ನೆನಪಾಗುತ್ತದೆ.

ಮುಂದಿನ ವರ್ಷಗಳಲ್ಲಿ ಈ ಶಸ್ತ್ರಚಿಕಿತ್ಸೆ ಬೇಕಾದಷ್ಟು ಜನರಿಗೆ ಆಯಿತು. ನುಂಗಲಾರದ ನೋವು, ಕುಡಿದ ನೀರು ಮೂಗಿನಿಂದ ಬರುವುದು, ದನಿ ಬದಲಾಗುವುದು ಕೆಲವರ ಪಾಲಿಗೆ ಬಂತು. ಅದಕ್ಕಿಂತ ಇರಿಸುಮುರಿಸಿನ ಸಂಗತಿ ಇನ್ನೊಂದು. ಹಲವರಲ್ಲಿ ಗೊರಕೆ ಅಡಗಿತು, ಉಸಿರು ಕಟ್ಟುವುದು ಹಾಗೇ ಉಳಿಯಿತು. ಎಚ್ಚರಿಸುತ್ತಿದ್ದ ಗಂಟೆಯನ್ನು ಬಿಚ್ಚಿಟ್ಟು ಕಳ್ಳನನ್ನು ಒಳಗೇ ಬಿಟ್ಟಂತೆ. 1996ರಲ್ಲಿ ಶೆರ್ ಮತ್ತು ಸಂಗಡಿಗರು ಅದುವರೆಗಿನ ಫಲಿತಾಂಶಗಳನ್ನೆಲ್ಲ ಕೂಡಿಸಿ ನೋಡಿದಾಗ ಯಶಸ್ಸು ಸುಮಾರು 41%. ತಡೆ ಅಂಗುಳಿನ ಬಳಿಯೇ ಇದ್ದವರಲ್ಲಿ 52%; ನಾಲಿಗೆಯ ಬುಡದಲ್ಲೂ ತಡೆ ಇದ್ದವರಲ್ಲಿ ಬರೀ 5%. ತೋಟದ ಪೈಪನ್ನು ಎರಡು ಕಡೆ ತುಳಿದುಕೊಂಡು ಒಂದು ಕಾಲು ಮಾತ್ರ ಎತ್ತಿದರೆ ನೀರು ಬಂದೀತೆ?

ಹಾಗಾಗಿ ಕತ್ತರಿಸುವ ಮೊದಲು ಉಸಿರು ಎಲ್ಲಿ ಕಟ್ಟುತ್ತದೆಂದು ಕಾಣಬೇಕಿತ್ತು. 1991ರಲ್ಲೇ ಲಂಡನ್ನಿನ ಕ್ರಾಫ್ಟ್ ಮತ್ತು ಪ್ರಿಂಗಲ್, ರೋಗಿಯನ್ನು ಔಷಧಿಯಿಂದ ನಿದ್ದೆಗೆ ಜಾರಿಸಿ ಮೂಗಿನ ಮೂಲಕ ಸಣ್ಣ ದುರ್ಬೀನು ಇಳಿಸಿ, ಗಂಟಲು ಕುಸಿಯುವುದನ್ನು ಕಣ್ಣಾರೆ ನೋಡುವ ವಿಧಾನ ವಿವರಿಸಿದರು. ಆಮೇಲಿನ ಶಸ್ತ್ರವೈದ್ಯರು ಕಡಿಮೆ ಕತ್ತರಿಸಲು ಕಲಿತರು. ಸಾವೊಪಾಲೊದ ಕಹಾಲಿ 2003ರಲ್ಲಿ ಗಂಟಲಿನ ಪಕ್ಕದ ಗೋಡೆಗೆ ಗಮನ ಕೊಟ್ಟರು. 2007ರಲ್ಲಿ ಪಾಂಗ್ ಮತ್ತು ವುಡ್ಸನ್ ಅಂಗುಳಿನ ಹಿಂದಿನ ಸ್ನಾಯುವನ್ನು ತಿರುಗಿಸಿ ಪಕ್ಕಕ್ಕೆ ಎಳೆದು ಕಟ್ಟಿದರು. ಆಮೇಲೆ ಇಟಲಿಯವರು ಮುಳ್ಳುಮುಳ್ಳಾದ ದಾರ ಪೋಣಿಸಿ, ಕಿಟಕಿಯ ಪರದೆಯನ್ನು ಸುತ್ತಿ ಎತ್ತುವಂತೆ ಅಂಗುಳನ್ನು ಎತ್ತಿ ನಿಲ್ಲಿಸಿದರು. ಹೀಗೆ ಕಿರುನಾಲಿಗೆಗೆ ಜೀವದಾನ ಸಿಕ್ಕಿತು.

ಹಳೆಯ ವಿಧಾನವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ವೀಡನ್ನಿನಲ್ಲಿ ಆಯ್ದ 65 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯಾದವರ ಉಸಿರಿನ ಅಡಚಣೆ ಗಂಟೆಗೆ ಸರಾಸರಿ 53ರಿಂದ 21ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಯಿಲ್ಲದೆ ಕಾದು ಕುಳಿತವರದು 53ರಿಂದ 47ಕ್ಕೆ ಮಾತ್ರ.

ಇಂದು ರಾತ್ರಿ ಪಕ್ಕದ ಹಾಸಿಗೆಯ ಗೊರಕೆ ತಟ್ಟನೆ ನಿಂತರೆ ‘ಸದ್ಯ’ ಎಂದು ಮಗ್ಗುಲು ಬದಲಿಸಬೇಡಿ. ಎಣಿಸಿ. ಹತ್ತು ಸೆಕೆಂಡು ದಾಟಿ, ಆಮೇಲೆ ಏದುಸಿರಿನೊಂದಿಗೆ ಸದ್ದು ಮರಳುವುದು ಮತ್ತೆ ಮತ್ತೆ ಆಗುತ್ತಿದ್ದರೆ, ಅಂಗುಳಿನ ಮಾತು ಎತ್ತುವ ಮೊದಲು ಅವರಿಗೊಂದು ನಿದ್ರಾ ಪರೀಕ್ಷೆ ಮಾಡಿಸಿ.