ಮಾತ್ರೆ ಎಂಬ ಅಳತೆ

ಛಂದಸ್ಸಿನ ಪಾಠವನ್ನು ಆರಂಭಿಸುವ ದಿನ ನಾನು ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವುದುಂಟು: ‘ಮಾತ್ರೆ ಎಂದರೇನು?’ ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಇಪ್ಪತ್ತು ವರ್ಷಗಳಿಂದಲೂ ಹಿಂದಿನ ಬೆಂಚಿನಿಂದ ಬರುವ ಉತ್ತರ ಒಂದೇ: ‘ಜ್ವರ ಬಂದರೆ ನುಂಗುವುದು, ಸಾರ್.’ ತರಗತಿಯೆಲ್ಲ ನಗುತ್ತದೆ. ನಾನೂ ನಕ್ಕು, ‘ಹ್ರಸ್ವಾಕ್ಷರವೊಂದನ್ನು ಉಚ್ಚರಿಸಲು ಹಿಡಿಯುವ ಕಾಲವೇ ಮಾತ್ರೆ, ಲಘುವಿಗೆ ಒಂದು, ಗುರುವಿಗೆ ಎರಡು’ ಎಂದು ಕಪ್ಪುಹಲಗೆಯ ಕಡೆಗೆ ತಿರುಗುತ್ತೇನೆ. ಆ ಹುಡುಗರ ಉತ್ತರಕ್ಕೂ ನನ್ನ ಉತ್ತರಕ್ಕೂ ಅಂಥ ದೂರವೇನೂ ಇಲ್ಲವೆಂಬುದು ನನಗೆ ಮನವರಿಕೆಯಾದುದು ಕಳೆದ ಕಾರ್ತಿಕ ಮಾಸದಲ್ಲಿ. ಅದೂ ನನ್ನದೇ ತಪ್ಪಿನಿಂದ.

ನಮ್ಮ ಮನೆ ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದಿಂದ ನಡೆದು ಹೋಗುವಷ್ಟು ದೂರ. ತಾಯಿಯವರಿಗೆ ಈಗ ಎಪ್ಪತ್ತೆಂಟು. ರಕ್ತದೊತ್ತಡಕ್ಕೆಂದು ದಿನಕ್ಕೊಂದು ಮಾತ್ರೆಯನ್ನು ಬಹುಕಾಲದಿಂದ ನುಂಗುತ್ತಿದ್ದರು. ಆ ವಾರ ಅವರಿಗೆ ಗಂಟಲು ಬಾತು, ಗುಟುಕು ನೀರು ಇಳಿಯುವುದೂ ಕಷ್ಟವಾಯಿತು. ‘ತೇಯ್ದು ಕೊಡೋ’ ಎಂದರು. ಅವರ ಎಳವೆಯಲ್ಲಿ ಔಷಧವೆಂದರೆ ತೇಯುವ ವಸ್ತುವೇ. ಹಸುಗೂಸಿಗೆ ಬಜೆಯನ್ನೂ ಜಾಯಿಕಾಯಿಯನ್ನೂ ಎದೆಹಾಲಿನಲ್ಲಿ ತೇಯ್ದು ನಾಲಗೆಗೆ ಹಚ್ಚುವರು; ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ಎಂಬುದೇ ಅದರ ಪ್ರಮಾಣ. ನಾನು ಹಿಂದುಮುಂದು ನೋಡದೆ ಅವರ ಎಲೆಅಡಕೆಯ ಕುಟ್ಟಾಣಿಯನ್ನು ತೊಳೆದು, ಮಾತ್ರೆಯನ್ನು ನುಣ್ಣಗೆ ಕುಟ್ಟಿ, ಜೇನಿನಲ್ಲಿ ಕಲಸಿ ಕೊಟ್ಟೆ. ಗಂಟೆಯೊಂದು ಕಳೆದಿರಬಹುದು. ಅಡುಗೆಮನೆಯ ಬಾಗಿಲ ಬಳಿ ‘ಕಣ್ಣು ಕತ್ತಲೆ ಬರುತ್ತಿದೆ’ ಎಂದವರು ಗೋಡೆಗೆ ಒರಗಿ ಹಾಗೆಯೇ ಕುಸಿದರು.

ಆ ರಾತ್ರಿ ಆಸ್ಪತ್ರೆಯಲ್ಲಿ ಕಳೆಯಿತು. ವೈದ್ಯರು ಮಾತ್ರೆಯ ಹಾಳೆಯನ್ನು ನೋಡಿ, ‘ಇದನ್ನು ಹೇಗೆ ಕೊಟ್ಟಿರಿ?’ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಹೆಸರಿನ ಮುಂದಿದ್ದ ‘ಇ.ಆರ್.’ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದರು. ಬೈದಿದ್ದರೆ ಮೇಲಾಗುತ್ತಿತ್ತು.

ತಾಯಿ ಚೇತರಿಸಿಕೊಂಡು ಮನೆಗೆ ಬಂದ ಮೇಲೆ, ನಮ್ಮ ಬೀದಿಯಲ್ಲೇ ಇರುವ ಮಿತ್ರರೊಬ್ಬರ ಬಳಿಗೆ ಹೋದೆ. ಅವರು ಔಷಧವಿಜ್ಞಾನದ ಕಾಲೇಜಿನಲ್ಲಿ ಅಧ್ಯಾಪಕರು. ಪುಡಿಗಳನ್ನು ಕುರಿತು ಪಾಠ ಹೇಳುವವರು. ಪುಡಿಯನ್ನು ಕುರಿತು ವರ್ಷಾವಧಿ ಹೇಳುವಂಥದೇನಿದೆ ಎಂದು ನಾನು ಹಿಂದೊಮ್ಮೆ ಹಾಸ್ಯ ಮಾಡಿದ್ದೆ. ಈಗ ಕೈಕಟ್ಟಿ ಕುಳಿತೆ.

ಅವರು ಹೇಳಿದುದರ ಸಾರ ಇಷ್ಟು. ನಾನು ಕುಟ್ಟಿದ ಮಾತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಔಷಧವಿತ್ತು. ಅದನ್ನು ಹೈಪ್ರೊಮೆಲೋಸ್ ಎಂಬ, ಸಸ್ಯಗಳ ನಾರಿನಿಂದಲೇ ತಯಾರಾಗುವ ಪುಡಿಯೊಡನೆ ಬೆರೆಸಿ ಒತ್ತಿರುತ್ತಾರೆ. ನೀರು ತಗುಲಿದೊಡನೆ ಆ ಪುಡಿ ಉಬ್ಬಿ ಲೋಳೆಯಾಗಿ ಮಾತ್ರೆಯ ಸುತ್ತ ಕವಚ ಕಟ್ಟುತ್ತದೆ. ಬೇಸಗೆಯಲ್ಲಿ ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜ ನೆನೆದಾಗ ಅದರ ಸುತ್ತ ಲೋಳೆ ಕಟ್ಟುವುದನ್ನು ವಾಚಕರು ಕಂಡಿರಬಹುದು, ಹೆಚ್ಚುಕಡಮೆ ಹಾಗೆಯೇ. ಔಷಧ ಆ ಲೋಳೆಯನ್ನು ದಾಟಿ ತೊಟ್ಟುತೊಟ್ಟಾಗಿ ಹೊರಬರಬೇಕು. ಕುಟ್ಟಾಣಿಯಲ್ಲಿ ನಾನು ಒಡೆದುದು ಆ ಏರ್ಪಾಡನ್ನು. ಇಡೀ ದಿನಕ್ಕೆಂದು ಇಟ್ಟಿದ್ದುದು ಒಮ್ಮೆಗೇ ರಕ್ತಕ್ಕೆ ಇಳಿಯಿತು. ಔಷಧದ ತೂಕ ಒಂದಿಷ್ಟೂ ಹೆಚ್ಚಿರಲಿಲ್ಲ. ಕೆಟ್ಟುದು ಕಾಲದ ಅಳತೆ. ಛಂದಸ್ಸಿನ ಮಾತ್ರೆಯೂ ಕಾಲದ ಅಳತೆಯೇ ಎಂಬುದನ್ನು ಆ ಮಿತ್ರರಿಗೆ ನಾನು ಹೇಳಿದೆ. ಅವರು ಅಷ್ಟೇನೂ ಬೆರಗಾಗಲಿಲ್ಲ.

ಪುಡಿಯ ನುಣುಪಿಗೆ ಇಷ್ಟು ಬಲವೇಕೆ? ಇದಕ್ಕೆ ಶಾಲೆಯ ಲೆಕ್ಕವೇ ಸಾಕು. ಒಂದು ಸೆಂಟಿಮೀಟರ್ ಅಂಚಿನ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಕಾಳುಗಳಾಗಿ ಕತ್ತರಿಸಿದರೆ 60. ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು, ಎಂದರೆ ತಲೆಗೂದಲಿಗಿಂತ ಎಷ್ಟೋ ತೆಳುವಾದ ಕಣಗಳಾಗಿಸಿದರೆ ನೂರು ಕೋಟಿ ಕಣಗಳು, 6000 ಚದರ ಸೆಂಟಿಮೀಟರ್ ಹೊರಮೈ. ಕರಗುವುದು ಹೊರಮೈಯಿಂದಲೇ ಆದ್ದರಿಂದ, ಮೈ ಹೆಚ್ಚಿದಷ್ಟೂ ಕರಗುವ ವೇಗ ಹೆಚ್ಚು. ಕರಗುವಿಕೆಯ ವೇಗಕ್ಕೆ ಸೂತ್ರ ಕಟ್ಟಿದವರು ಅಮೆರಿಕದ ನೋಯೆಸ್ ಮತ್ತು ವಿಟ್ನಿ, 1897ರಲ್ಲಿ. ಚರ್ಮದ ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್ ನೀರಿನಲ್ಲಿ ಸುಲಭವಾಗಿ ಕರಗದು. ಅದನ್ನು ಅತಿ ನುಣ್ಣಗೆ ಅರೆದಾಗ ಹಿಂದಿನ ಅರ್ಧ ಪ್ರಮಾಣವೇ ಸಾಕಾಯಿತು. 1971ರಲ್ಲಿ ಅಮೆರಿಕದಲ್ಲಿ ಹೃದ್ರೋಗದ ಡಿಜಾಕ್ಸಿನ್ ಮಾತ್ರೆಗಳನ್ನು ಹೋಲಿಸಿ ನೋಡಿದಾಗ, ಒಂದೇ ತೂಕದ ಔಷಧವುಳ್ಳ ಬೇರೆಬೇರೆ ತಯಾರಿಕೆಗಳಿಂದ ರಕ್ತಕ್ಕೆ ಸೇರುವ ಮೊತ್ತ ಹಲವು ಪಟ್ಟು ಬೇರೆಯಾಗಿದ್ದುದು ಕಂಡುಬಂತು. ಹೆಚ್ಚು ಕಡಮೆಯಾದರೆ ಜೀವಕ್ಕೇ ಎರವಾಗುವ ಔಷಧ ಅದು.

ನಮ್ಮ ರಸವೈದ್ಯರಿಗೆ ಸೂತ್ರ ತಿಳಿದಿರಲಿಲ್ಲ, ಸಂಗತಿ ತಿಳಿದಿತ್ತು. ಭಸ್ಮ ಸಿದ್ಧವಾಯಿತೇ ಎಂದು ನೋಡಲು ಅವರಿಟ್ಟ ಪರೀಕ್ಷೆಗಳು ಚೆಲುವಾಗಿವೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದಾಗ ಪುಡಿ ಬೆರಳಿನ ಗೆರೆಗಳೊಳಗೆ ಹೊಕ್ಕು ಕೂರಬೇಕು, ಇದು ರೇಖಾಪೂರ್ಣ. ನಿಂತ ನೀರಿನ ಮೇಲೆ ಉದುರಿಸಿದರೆ ತೇಲಬೇಕು, ಇದು ವಾರಿತರ. ಹಾಗೆ ತೇಲುವ ಪದರದ ಮೇಲೆ ಅಕ್ಕಿಯ ಕಾಳೊಂದನ್ನಿಟ್ಟರೆ ಅದೂ ಮುಳುಗಬಾರದು. ಇಂದಿನ ಯಂತ್ರಗಳು ಕಣದ ಮೇಲೆ ಲೇಸರ್ ಬೆಳಕು ಹಾಯಿಸಿ ಗಾತ್ರ ಹೇಳುತ್ತವೆ. ಭಸ್ಮಗಳ ಗುಣದೋಷ ಬೇರೆಯ ವಿಚಾರ, ಅದನ್ನು ನಾನಿಲ್ಲಿ ಎತ್ತುವುದಿಲ್ಲ. ಬೆರಳಿನ ಗೆರೆಯನ್ನೇ ಅಳತೆಗೋಲಾಗಿಸಿದ ಆ ಬುದ್ಧಿಗೆ ಮಾತ್ರ ತಲೆಬಾಗುತ್ತೇನೆ.

ಹಾಗಾದರೆ ಎಲ್ಲವನ್ನೂ ನುಣ್ಣಗೆ ಅರೆದರಾಯಿತಲ್ಲ ಎಂದೆ. ಮಿತ್ರರು ನನ್ನನ್ನು ಅವರ ಅಡುಗೆಮನೆಗೆ ಕರೆದೊಯ್ದರು. ಒಂದು ಲೋಟದಲ್ಲಿ ರವೆ, ಇನ್ನೊಂದರಲ್ಲಿ ರಾಗಿಹಿಟ್ಟು. ರವೆ ಬಗ್ಗಿಸಿದೊಡನೆ ಸರ್ರನೆ ಸುರಿಯಿತು. ಹಿಟ್ಟು ಲೋಟಕ್ಕೆ ಅಂಟಿ ನಿಂತು, ತಟ್ಟಿದಾಗ ಹೆಂಟೆಯಾಗಿ ಬಿತ್ತು. ಮಾತ್ರೆ ಒತ್ತುವ ಯಂತ್ರ ಪುಡಿಯನ್ನು ತೂಗುವುದಿಲ್ಲ; ಸೇರಿನಂತೆ ಅಳೆಯುತ್ತದೆ. ಪುಟ್ಟ ಉಕ್ಕಿನ ಕುಳಿಯೊಂದು ಕಣ್ಣೆವೆಯಿಕ್ಕುವಷ್ಟರಲ್ಲಿ ತುಂಬಿಕೊಳ್ಳಬೇಕು. ದೊಡ್ಡ ಯಂತ್ರಗಳಲ್ಲಿ ಗಂಟೆಗೆ ಲಕ್ಷಕ್ಕೂ ಮೀರಿ. ಪುಡಿ ಸರಿಯಾಗಿ ಹರಿಯದಿದ್ದರೆ ಒಂದು ಕುಳಿ ತುಂಬುತ್ತದೆ, ಇನ್ನೊಂದು ಅರೆಯಾಗುತ್ತದೆ. ಸೇರಿನ ಮಾತು ಬಂದಾಗ ನನಗೆ ನಮ್ಮೂರಿನ ಶೆಟ್ಟರ ಅಂಗಡಿ ನೆನಪಾಯಿತು. ‘ಕುಲುಕಿ ಅಳೆಯಿರಿ’ ಎಂದು ತಾಯಿ ಪಟ್ಟು ಹಿಡಿಯುತ್ತಿದ್ದರು. ಕುಲುಕಿದರೆ ಸೇರಿಗೆ ಇನ್ನೊಂದು ಹಿಡಿ ಹಿಡಿಯುತ್ತದೆ. ಈ ಕುಲುಕುವಿಕೆಯನ್ನೇ 1965ರಲ್ಲಿ ಕಾರ್ ಎಂಬಾತ ಶಾಸ್ತ್ರವಾಗಿಸಿದ. ನೂರು ಅಳತೆಯ ಪುಡಿ ತಟ್ಟಿದ ಮೇಲೆ ಎಂಬತ್ತೈದಕ್ಕೆ ನಿಂತರೆ ಅದು ಚೆನ್ನಾಗಿ ಹರಿಯುವ ಪುಡಿ. ಎಪ್ಪತ್ತಕ್ಕೆ ಇಳಿದರೆ ಕಷ್ಟದ ಪುಡಿ. ಅದಕ್ಕೆ ಮದ್ದೆಂದರೆ, ನುಣುಪಾದ ಹಿಟ್ಟನ್ನು ಗಂಜಿಯಂಥ ಅಂಟಿನಿಂದ ನೆನೆಸಿ, ಜರಡಿಯಲ್ಲಿ ಹಾಯಿಸಿ, ಒಣಗಿಸಿ ಮತ್ತೆ ರವೆಯಾಗಿಸುವುದು. ನುಣ್ಣಗಿನದು ನುಣ್ಣಗೇ ಇರಬೇಕು, ಆದರೆ ಗುಂಪುಕಟ್ಟಿ ಹರಿಯಬೇಕು.

ನಮ್ಮ ನೆರೆಯಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಕೆ. ಕೇಶವರಾವ್ ಮತ್ತು ಪ್ರಭು ನಾಟ್ ಅವರು ಕಣಗಳ ಹರಿವನ್ನೇ ವಿಷಯವಾಗಿಸಿ ಬರೆದ ಗ್ರಂಥ 2008ರಲ್ಲಿ ಕೇಂಬ್ರಿಜ್‌ನಿಂದ ಪ್ರಕಟವಾಯಿತು. ಕಣದಲ್ಲಿ ರಾಗಿಯ ರಾಶಿ ಒಂದೇ ಇಳಿಜಾರಿಗೆ ಬಂದು ನಿಲ್ಲುವುದನ್ನು ನಾವೆಲ್ಲ ಕಂಡವರೇ. ಏಕೆ ನಿಲ್ಲುತ್ತದೆಂದು ಕೇಳಿದವರು ಕಡಮೆ.

ಇನ್ನು ಬೆರೆಸುವ ಕಷ್ಟ. ಥೈರಾಯ್ಡ್ ಕೊರತೆಗೆ ನುಂಗುವ ಮಾತ್ರೆಯ ತೂಕ ನೂರು ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ಔಷಧ ನೂರು ಮೈಕ್ರೋಗ್ರಾಂ, ಸಾವಿರದಲ್ಲಿ ಒಂದು ಪಾಲು. ಲಕ್ಷ ಮಾತ್ರೆಗಳಲ್ಲಿ ಪ್ರತಿಯೊಂದಕ್ಕೂ ಆ ಪಾಲು ಸಮನಾಗಿ ಸಿಕ್ಕಬೇಕು. ಆದರೆ ಪುಡಿಗಳು ಅಲುಗಿದಾಗ ಬೇರ್ಪಡುವುದೇ ಅವುಗಳ ಸ್ವಭಾವ. ಮೊರದಲ್ಲಿ ಅಕ್ಕಿ ಒನೆಯುವ ಹೆಂಗಸರು ನುಚ್ಚನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಮಾಡುವುದು ಈ ಸ್ವಭಾವದ ಬಲದಿಂದಲೇ. ಮೊರಕ್ಕೆ ವರವಾದುದು ಔಷಧದ ಕಾರ್ಖಾನೆಗೆ ಶಾಪ. ಜಾರಿಕೆಗೆಂದು ಸೇರಿಸುವ ಮೆಗ್ನೀಷಿಯಂ ಸ್ಟಿಯರೇಟ್ ಎಂಬ ಜಿಡ್ಡುಪುಡಿಯದಂತೂ ಇನ್ನೊಂದು ತರಲೆ: ಅದನ್ನು ಹೆಚ್ಚು ಹೊತ್ತು ಬೆರೆಸಿದರೆ ಕಣಗಳಿಗೆಲ್ಲ ಲೇಪವಾಗಿ, ಮಾತ್ರೆ ಸರಿಯಾಗಿ ಕೂಡಿಕೊಳ್ಳುವುದೂ ಇಲ್ಲ, ಬೇಗ ಕರಗುವುದೂ ಇಲ್ಲ.

ಕೊನೆಗೆ ಒತ್ತುವುದು. ಇದನ್ನು ಮೊದಲು ಮಾಡಿದವನು ಔಷಧದವನಲ್ಲ, ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್ ಎಂಬ ಚಿತ್ರಕಾರ. ಪೆನ್ಸಿಲಿನ ಸೀಸದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗಟ್ಟಿಯಾಗಿಸುವ ಉಪಾಯ ಹುಡುಕಿ, ಅದರಿಂದ ಗುಳಿಗೆಗಳನ್ನೂ ಮಾಡಬಹುದೆಂದು 1843ರಲ್ಲಿ ಹಕ್ಕುಪತ್ರ ಪಡೆದ. ಮೇಷ್ಟರ ಕೈಯ ಪೆನ್ಸಿಲಿಗೂ ರೋಗಿಯ ಕೈಯ ಮಾತ್ರೆಗೂ ಹೀಗೊಂದು ನೆಂಟಸ್ತಿಕೆಯಿದೆ.

ಒತ್ತಿದರೆ ಎಲ್ಲ ಪುಡಿಯೂ ಕೂಡಿಕೊಳ್ಳುವುದಿಲ್ಲ. ಕೊರೋನಾ ಕಾಲದಲ್ಲಿ ಮನೆಮಾತಾದ ಡೋಲೋ 650 ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಸಂಸ್ಥೆಯದು. ಅದರ ಔಷಧ ಪ್ಯಾರಸಿಟಮಾಲ್. ಈ ಪ್ಯಾರಸಿಟಮಾಲಿನ ಸಾಮಾನ್ಯ ಸ್ಫಟಿಕದಲ್ಲಿ ಅಣುಗಳ ಪದರಗಳು ಮಂಗಳೂರು ಹೆಂಚುಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಒತ್ತಿದರೆ ಜಾರವು, ಒತ್ತಡ ತೆಗೆದಾಗ ಸೆಟೆಯುತ್ತವೆ. ಪುಡಿಯನ್ನು ಹಾಗೆಯೇ ಒತ್ತಿದರೆ ಮಾತ್ರೆಯ ನೆತ್ತಿ ಟೋಪಿಯಂತೆ ಕಳಚಿಬೀಳುತ್ತದೆ. ಅದೇ ಪ್ಯಾರಸಿಟಮಾಲಿಗೆ ಇನ್ನೊಂದು ಸ್ಫಟಿಕರೂಪವಿದೆ. ಅದರಲ್ಲಿ ಪದರಗಳು ಪೇರಿಸಿಟ್ಟ ಹಪ್ಪಳದಂತೆ ಚಪ್ಪಟೆ. ಅದು ಚೆನ್ನಾಗಿ ಒತ್ತುತ್ತದೆ, ಆದರೆ ಬಹುಕಾಲ ಆ ರೂಪದಲ್ಲಿ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಕಾರ್ಖಾನೆಗಳು ಮೊದಲಿನದನ್ನೇ ಅಂಟಿನ ನೆರವಿನಿಂದ ಪಳಗಿಸುತ್ತವೆ. ಅಣು ಒಂದೇ, ಜೋಡಣೆ ಬೇರೆ, ನಡತೆಯೂ ಬೇರೆ. ಈ ಜೋಡಣೆಯನ್ನು ಬೇಕಾದಂತೆ ಕಟ್ಟುವ ಸ್ಫಟಿಕ ಎಂಜಿನಿಯರಿಂಗಿಗೆ 1989ರ ತಮ್ಮ ಗ್ರಂಥದಿಂದ ಅಡಿಪಾಯ ಹಾಕಿದವರಲ್ಲೊಬ್ಬರಾದ ಗೌತಮ್ ದೇಸಿರಾಜು ಅವರು 2009ರಲ್ಲಿ ಹೈದರಾಬಾದಿನಿಂದ ಇದೇ ವಿಜ್ಞಾನ ಸಂಸ್ಥೆಗೆ ಬಂದರು. ಅವೇ ಅಕ್ಷರಗಳು ಲಘುಗುರುಗಳ ಜೋಡಣೆ ಬದಲಾದರೆ ಬೇರೆ ವೃತ್ತವಾಗುವುದನ್ನು ಬಲ್ಲ ನನಗೆ ಇದು ಹೊಸದೆನಿಸಬಾರದಿತ್ತು, ಆದರೂ ಹೊಸದೆನಿಸಿತು.

ಮಿತ್ರರು ಒಂದು ವಿಷಯವನ್ನು ಒತ್ತಿ ಹೇಳಿದರು. ನಡುವೆ ಗೀಟು ಇರುವ ಮಾತ್ರೆಯನ್ನು ಆ ಗೀಟಿನಲ್ಲಿ ಮುರಿಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಇ.ಆರ್., ಎಸ್.ಆರ್. ಎಂಬಂಥ ಅಕ್ಷರಗಳಿದ್ದರೆ ಕುಟ್ಟುವುದು, ಅಗಿಯುವುದು ಕೂಡದು. ಸಂದೇಹವಿದ್ದರೆ ಔಷಧದಂಗಡಿಯವರನ್ನಾದರೂ ಕೇಳಬೇಕು. ನನ್ನ ಕೈಯಲ್ಲಿದ್ದ ಹಾಳೆಯ ಮೇಲೆ ಈ ಎಚ್ಚರಿಕೆ ಕಣ್ಣಿಗೆ ನಿಲುಕದಷ್ಟು ಸಣ್ಣ ಇಂಗ್ಲಿಷಿನಲ್ಲಿತ್ತು. ಕನ್ನಡ ಮಾತ್ರ ಬಲ್ಲ ನನ್ನ ತಾಯಿಯಂಥವರು ಈ ಊರಿನಲ್ಲಿ ಎಷ್ಟು ಮಂದಿ! ‘ಕುಟ್ಟಬೇಡಿ, ಇಡಿಯಾಗಿ ನುಂಗಿ’ ಎಂಬ ಮೂರು ಪದಗಳನ್ನು ಕನ್ನಡದಲ್ಲಿ ಅಚ್ಚು ಹಾಕಲು ಯಾವ ಸಂಶೋಧನೆಯೂ ಬೇಕಾಗಿಲ್ಲ. ಸದ್ಯಕ್ಕೆ ನಾನೇ ಕೆಂಪು ಶಾಯಿಯಲ್ಲಿ ಬರೆದು ನಮ್ಮ ಮನೆಯ ಔಷಧದ ಡಬ್ಬಿಗೆ ಅಂಟಿಸಿದ್ದೇನೆ.

ಗಂಟಲು ಪೂರ್ತಿ ಸರಿಹೋಗಿಲ್ಲವಾದ್ದರಿಂದ ವೈದ್ಯರು ಈಗ ತಾಯಿಗೆ ದಿನಕ್ಕೆರಡು ಬಾರಿ ಕೊಡುವ, ಪುಡಿಮಾಡಬಹುದಾದ ಸಾದಾ ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಕುಟ್ಟಾಣಿಯನ್ನು ತಾಯಿ ನನ್ನ ಕೈಗೆ ಕೊಡುವುದಿಲ್ಲ. ಸಾಣೆಕಲ್ಲಿನ ಮೇಲೆ ಎರಡು ತೊಟ್ಟು ನೀರು ಹಾಕಿ ತಾವೇ ತೇಯುತ್ತಾರೆ, ಅಭ್ಯಾಸಬಲದಿಂದ ಸುತ್ತುಗಳನ್ನು ಎಣಿಸುತ್ತಾರೆ. ಕಲ್ಲಿನ ಮೇಲೆ ಬಿಳಿಯ ಗೆರೆಯೇನಾದರೂ ಉಳಿದಿದ್ದರೆ ನಾನು ಜೇನಿನಲ್ಲಿ ಬೆರಳದ್ದಿ ಅದನ್ನೂ ಬಳಿದು ಕೊಡುತ್ತೇನೆ. ‘ಇಷ್ಟರಲ್ಲಿ ಏನಿದೆಯೋ’ ಎನ್ನುತ್ತಾರೆ, ಎಂದು, ನೆಕ್ಕುತ್ತಾರೆ.